ಪುಸ್ತಕ ಹಿಡಿದು ಗೆಳೆಯರನ್ನು ಹುಡುಕುವುದು ಹೇಗೆ? ಮೈಸೂರು, ಮಂಡ್ಯದವರಿಗೊಂದು ಮಾರ್ಗದರ್ಶಿ

ಮೈಸೂರಿನಲ್ಲಿ ಓದುವವರಿಗೆ ಬರವಿಲ್ಲ. ಕುಕ್ಕರಹಳ್ಳಿ ಕೆರೆ ಏರಿ, ಮಾನಸಗಂಗೋತ್ರಿಯ ಮರದ ನೆರಳು, ಮಂಡ್ಯದಿಂದ ದಿನಾ ಓಡಾಡುವವರ ರೈಲು, ಎಲ್ಲಿ ನೋಡಿದರೂ ಒಬ್ಬರಾದರೂ ಪುಸ್ತಕ ಬಿಚ್ಚಿಕೊಂಡು ಕೂತಿರುತ್ತಾರೆ. ಆದರೆ ಎಲ್ಲರೂ ಒಬ್ಬೊಬ್ಬರೇ. ಗ್ರಂಥಾಲಯದ ಒಂದೇ ಮೇಜಿನಲ್ಲಿ ವರ್ಷಗಟ್ಟಲೆ ಎದುರುಬದುರು ಕೂತವರಿಗೆ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಅವರನ್ನು ದೂರಿ ಪ್ರಯೋಜನವಿಲ್ಲ. ಗೋಡೆ ಮೇಲೆ ‘ನಿಶ್ಶಬ್ದ’ ಅಂತ ಬೋರ್ಡು ಹಾಕಿರುವ ಕಡೆ ಯಾರು ತಾನೇ ಮಾತು ಶುರು ಮಾಡುತ್ತಾರೆ?

ಓದುವ ಚಟ ಇದೆ, ಓದಿದ್ದನ್ನು ಹೇಳಿಕೊಳ್ಳಲು ಜನ ಇಲ್ಲ ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೆಲಸಕ್ಕೆಂದು ಊರಿಗೆ ಹೊಸದಾಗಿ ಬಂದವರು, ಪಿಜಿಯಲ್ಲಿರುವ ವಿದ್ಯಾರ್ಥಿಗಳು, ನಿವೃತ್ತಿಯಾಗಿ ಮನೆಯಲ್ಲಿರುವವರು, ಎಲ್ಲರಿಗೂ ದಾರಿ ಹೆಚ್ಚುಕಡಿಮೆ ಒಂದೇ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ‘ಬುಕ್ ಕ್ಲಬ್’ ಅಂತ ಹೆಸರಿಟ್ಟು, ತಿಂಗಳಿಗೊಂದು ಕಾದಂಬರಿ ಗೊತ್ತು ಮಾಡಿ, ಎಲ್ಲರೂ ಓದಿಕೊಂಡು ಬನ್ನಿ ಅಂದರೆ ಅದು ಜಾಸ್ತಿ ದಿನ ನಡೆಯುವುದಿಲ್ಲ. ಮೊದಲ ತಿಂಗಳು ಎಲ್ಲರೂ ಓದಿರುತ್ತಾರೆ. ಎರಡನೇ ತಿಂಗಳು ಅರ್ಧ ಜನ ಓದಿರುವುದಿಲ್ಲ. ಓದದವರು ಮುಖ ತೋರಿಸಲು ನಾಚಿ ಮೂರನೇ ತಿಂಗಳು ಬರುವುದೇ ಇಲ್ಲ. ಯಾರಿಗೂ ಹೋಂವರ್ಕ್ ಕೊಡಬೇಡಿ. ಕೂತ ಕಡೆಯೇ ಗಟ್ಟಿಯಾಗಿ ಓದಿ, ಅಲ್ಲೇ ಮಾತಾಡಿ. ಕೆಳಗಿನ ಹಂತಗಳೆಲ್ಲ ಈ ಒಂದು ಮಾತಿನ ಸುತ್ತಲೇ ಇವೆ.

ಹಂತ 1: ಜನ ಸಿಗುವ ಜಾಗಕ್ಕೆ ಹೋಗಿ

ಗ್ರಂಥಾಲಯದಿಂದಲೇ ಶುರು ಮಾಡಿ. ಮೈಸೂರಿನಲ್ಲಿ ಸಯ್ಯಾಜಿರಾವ್ ರಸ್ತೆಯ ನಗರ ಕೇಂದ್ರ ಗ್ರಂಥಾಲಯ ಇದೆ, ಬಡಾವಣೆಗಳಲ್ಲಿ ಅದರ ಶಾಖೆಗಳಿವೆ. ಮಂಡ್ಯದ ಹಳ್ಳಿ ಕಡೆಯವರಾದರೆ ಗ್ರಾಮ ಪಂಚಾಯಿತಿಯ ‘ಅರಿವು ಕೇಂದ್ರ’ ನೋಡಿ. ಸದಸ್ಯರಾಗಲು ವಿಳಾಸದ ದಾಖಲೆ ಮತ್ತು ಒಂದಿಷ್ಟು ಠೇವಣಿ ಕೇಳುತ್ತಾರೆ. ಇದೇನು ಪುಕ್ಕಟೆ ಉಪಕಾರ ಅಂದುಕೊಂಡು ಸಂಕೋಚಪಡಬೇಡಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ವಸೂಲಿ ಮಾಡುತ್ತಾರೆ. ಮನೆ ಕಂದಾಯದ ರಸೀದಿ ತೆಗೆದು ನೋಡಿ, ಅದರಲ್ಲೊಂದು ಸಾಲು ಅದಕ್ಕೇ ಇರುತ್ತದೆ.

ಗ್ರಂಥಾಲಯದಲ್ಲಿ ಎಲ್ಲಿ ನಿಲ್ಲುತ್ತೀರಿ ಅನ್ನುವುದು ಮುಖ್ಯ. ಪೇಪರ್ ಓದುವ ಕೋಣೆಯಲ್ಲಿ ಮಾತು ರಾಜಕೀಯಕ್ಕೆ ತಿರುಗುತ್ತದೆ, ಅಲ್ಲಿಂದ ವಾಪಸ್ ಬರುವುದಿಲ್ಲ. ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ನಿಮ್ಮ ಜೊತೆ ಕತೆ ಹೊಡೆಯಲು ಪುರಸೊತ್ತಿಲ್ಲ, ಅವರನ್ನು ಕೆಣಕಬೇಡಿ. ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಎರವಲು ಕೌಂಟರ್ ಹತ್ತಿರ ನಿಲ್ಲಿ. ಅಲ್ಲಿ ಬರುವವರೆಲ್ಲ ಮನೆಗೆ ಒಯ್ದು ಓದುವವರು, ಕೈಯಲ್ಲಿ ಏನಿದೆ ಅಂತ ಕಣ್ಣಿಗೇ ಕಾಣುತ್ತದೆ. ಗ್ರಂಥಪಾಲಕರ ಹತ್ತಿರ ಚೆನ್ನಾಗಿ ಮಾತಾಡಿಸಿಕೊಂಡಿರಿ. ಯಾರು ಯಾವ ಥರದ ಪುಸ್ತಕ ಒಯ್ಯುತ್ತಾರೆ ಅನ್ನುವುದು ಅವರಿಗೆ ಗೊತ್ತಿರುತ್ತದೆ.

ಎರಡನೆಯದು ಪುಸ್ತಕ ಬಿಡುಗಡೆ ಸಮಾರಂಭ. ಮೈಸೂರಿನ ವಿಜಯನಗರದ ಸಾಹಿತ್ಯ ಪರಿಷತ್ತಿನ ಭವನ, ಕಲಾಮಂದಿರದ ಆವರಣ, ಮಂಡ್ಯದ ಕರ್ನಾಟಕ ಸಂಘ, ಗಾಂಧಿ ಭವನ, ಇಲ್ಲೆಲ್ಲ ಒಂದಲ್ಲ ಒಂದು ಕಾರ್ಯಕ್ರಮ ಇದ್ದೇ ಇರುತ್ತದೆ. ಆಹ್ವಾನ ಪತ್ರಿಕೆಯಲ್ಲಿ ‘ಸರ್ವರಿಗೂ ಆದರದ ಸ್ವಾಗತ’ ಅಂತ ಇರುತ್ತದಲ್ಲ, ಅದನ್ನು ನಂಬಿ ಹೋಗಿ. ಯಾರೂ ‘ನೀವ್ಯಾರು’ ಅಂತ ಕೇಳುವುದಿಲ್ಲ. ವೇದಿಕೆ ಮೇಲಿನ ಭಾಷಣ ಉದ್ದವಾಗಬಹುದು, ಸಹಿಸಿಕೊಳ್ಳಿ. ನಿಮಗೆ ಬೇಕಾದ ಹೊತ್ತು ಎರಡೇ. ಒಂದು, ಶುರುವಾಗುವ ಮುಂಚೆ ಉಪ್ಪಿಟ್ಟು, ಕಾಫಿ ಕೊಡುವಾಗ. ಇನ್ನೊಂದು, ಮುಗಿದ ಮೇಲೆ ಬಾಗಿಲ ಬಳಿಯ ಮಾರಾಟದ ಮೇಜಿನ ಹತ್ತಿರ. ಆ ಮೇಜಿನ ಮುಂದೆ ನಿಂತು ಪುಟ ತಿರುವುವವರು ನಿಮ್ಮ ಜನ. ಫೋಟೋಗೆ ಓಡುವವರನ್ನು ಬಿಟ್ಟುಬಿಡಿ.

ದಸರಾ ಹೊತ್ತಿನ ಪುಸ್ತಕ ಮೇಳ, ನವೆಂಬರ್ ತಿಂಗಳ ರಾಜ್ಯೋತ್ಸವದ ಮಳಿಗೆಗಳು, ರಂಗಾಯಣದ ಬಹುರೂಪಿ ನಾಟಕೋತ್ಸವದಲ್ಲಿ ಹಾಕುವ ಪುಸ್ತಕದಂಗಡಿಗಳು ಕೂಡ ಒಳ್ಳೆಯ ಜಾಗ. ನಾಟಕ ಶುರುವಾಗುವ ಮುಂಚಿನ ಅರ್ಧ ಗಂಟೆ ಎಲ್ಲರೂ ಸುಮ್ನೆ ನಿಂತಿರುತ್ತಾರೆ, ಮಾತಿಗೆ ಸಿಗುತ್ತಾರೆ. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಅಂಥ ದೊಡ್ಡ ಜಾತ್ರೆಯಲ್ಲಿ ಪುಸ್ತಕ ಸಿಗುತ್ತದೆ, ಗೆಳೆಯರು ಸಿಗುವುದು ಕಷ್ಟ. ತಳ್ಳಾಟದಲ್ಲಿ ಯಾರ ಜೊತೆ ಎಷ್ಟು ಮಾತಾಡಲು ಸಾಧ್ಯ? ಚಿಕ್ಕ ಸಭೆಯೇ ವಾಸಿ.

ಮೈಸೂರು, ಮಂಡ್ಯ ರೈಲಿನಲ್ಲಿ ಪಾಸ್ ಇಟ್ಟುಕೊಂಡು ಓಡಾಡುವವರಿಗೆ ಒಂದು ಅನುಕೂಲ ಇದೆ. ದಿನಾ ಅದೇ ಬೋಗಿ, ಅದೇ ಮುಖಗಳು. ಪುಸ್ತಕದ ಮುಖಪುಟ ಎದುರಿನವರಿಗೆ ಕಾಣುವ ಹಾಗೆ ಹಿಡಿದುಕೊಳ್ಳಿ, ಸಾಕು. ಅಂಗಡಿ ಪೇಪರಿನ ಬೈಂಡ್ ಹಾಕಿದರೆ ಪುಸ್ತಕ ಉಳಿಯುತ್ತದೆ ನಿಜ, ಆದರೆ ನೀವು ಏನು ಓದುತ್ತಿದ್ದೀರಿ ಅನ್ನುವುದು ಯಾರಿಗೂ ತಿಳಿಯುವುದಿಲ್ಲ.

ಹಂತ 2: ಮೊದಲ ಮಾತು

‘ನಿಮ್ಮ ಮೆಚ್ಚಿನ ಲೇಖಕರು ಯಾರು?’ ಅಂತ ಕೇಳಬೇಡಿ. ಅದು ವೈವಾದಲ್ಲಿ ಕೇಳುವ ಪ್ರಶ್ನೆ. ಎದುರಿನವರು ದೊಡ್ಡ ಹೆಸರೊಂದನ್ನು ಹೇಳಿ ಬಾಯಿ ಮುಚ್ಚಿಕೊಳ್ಳುತ್ತಾರೆ. ‘ಇದನ್ನು ಓದಿಲ್ವಾ!’ ಅಂತ ಹುಬ್ಬೇರಿಸುವುದಂತೂ ಬೇಡವೇ ಬೇಡ.

ಅವರ ಕೈಯಲ್ಲಿರುವ ಪುಸ್ತಕದ ಬಗ್ಗೆ ಕೇಳಿ. ‘ಸಾರ್, ಇದು ಹೇಗಿದೆ? ತಗೋಬೇಕು ಅಂತಿದ್ದೆ.’ ‘ಮೇಡಂ, ಎಲ್ಲೀವರೆಗೆ ಬಂದ್ರಿ? ಆಮೇಲೆ ಚೆನ್ನಾಗಿದೆಯಂತೆ, ಹೌದಾ?’ ಇಂಥ ಪ್ರಶ್ನೆಗೆ ಉತ್ತರ ಹೇಳಲು ಯಾರಿಗೂ ಓದಿನ ಪಾಂಡಿತ್ಯ ಬೇಕಿಲ್ಲ. ‘ಅಯ್ಯೋ, ಐವತ್ತು ಪುಟ ಆಯ್ತು, ಇನ್ನೂ ಏನೂ ಆಗ್ಲಿಲ್ಲ’ ಅಂದರೂ ಅದು ಮಾತೇ. ಬೇಸರವಾದ ಪುಸ್ತಕದ ಬಗ್ಗೆ ಜನ ಹೆಚ್ಚು ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಮೆಚ್ಚಿದ್ದನ್ನು ಹೊಗಳುವಾಗ ಎಲ್ಲರ ಭಾಷೆಯೂ ಒಂದೇ ಥರ ಆಗಿಬಿಡುತ್ತದೆ.

ಮೊದಲ ದಿನವೇ ನಂಬರ್ ಕೇಳಬೇಡಿ. ಹೆಣ್ಣುಮಕ್ಕಳ ಹತ್ತಿರವಂತೂ ಕೇಳಲೇಬೇಡಿ. ಮತ್ತೆ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಕಾಣಿಸಿಕೊಳ್ಳಿ. ಎರಡು ಮೂರು ಸಲ ನಮಸ್ಕಾರ, ನಗು ಆದ ಮೇಲೆ ‘ಬನ್ನಿ, ಬೈಟು ಕಾಫಿ ಕುಡಿಯೋಣ’ ಅನ್ನಿ. ಪೂರ್ತಿ ಕಾಫಿಗೆ ಕರೆದರೆ ಜನ ಗಡಿಯಾರ ನೋಡುತ್ತಾರೆ, ಬೈಟುವಿಗೆ ಇಲ್ಲ ಅನ್ನುವುದಿಲ್ಲ.

ಹಂತ 3: ಒಂದು ಪುಸ್ತಕ ಕೊಡಿ

ಪರಿಚಯ ಗೆಳೆತನಕ್ಕೆ ತಿರುಗುವುದು ಇಲ್ಲಿ. ನಿಮ್ಮ ಪುಸ್ತಕ ಅವರ ಮನೆಯಲ್ಲಿದ್ದರೆ ಮತ್ತೆ ಸಿಗಲು ಒಂದು ಕಾರಣ ಇರುತ್ತದೆ. ಹಾಗಾಗಿ ಮೊದಲು ಕೇಳುವವರು ಆಗಬೇಡಿ, ಕೊಡುವವರಾಗಿ.

ಕೊಡುವಾಗ ತೆಳ್ಳಗಿನ ಪುಸ್ತಕ ಆರಿಸಿ. ಆರುನೂರು ಪುಟದ ಕಾದಂಬರಿ ಕೊಟ್ಟರೆ ಅದು ಸಾಲದ ಹೊರೆ. ಮೈಸೂರು ವಿಶ್ವವಿದ್ಯಾನಿಲಯದ ಪ್ರಸಾರಾಂಗ ಪ್ರಕಟಿಸಿದ ಪ್ರಚಾರೋಪನ್ಯಾಸ ಮಾಲೆಯ ಕಿರುಹೊತ್ತಿಗೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಒಂದೊಂದೂ ಒಂದು ವಿಷಯದ ಮೇಲೆ, ಎರಡು ಸಂಜೆಗೆ ಮುಗಿಯುತ್ತದೆ. ಹಳೇ ಪುಸ್ತಕದಂಗಡಿಗಳಲ್ಲಿ ಕಣ್ಣಾಡಿಸಿದರೆ ಸಿಗುತ್ತವೆ. ಕನ್ನಡ ಪುಸ್ತಕ ಪ್ರಾಧಿಕಾರದ ಪುಸ್ತಕಗಳೂ ಅಗ್ಗ. ಹೋದರೆ ಹೋಯಿತು ಅನ್ನುವಂಥ ಬೆಲೆಯದ್ದನ್ನೇ ಮೊದಲು ಕೊಡಿ.

ಲೆಕ್ಕ ಇಡುವುದಕ್ಕೆ ನಾಚಿಕೆ ಬೇಡ. ಪುಸ್ತಕದ ಒಳಪುಟದಲ್ಲಿ ಪೆನ್ಸಿಲ್‌ನಲ್ಲಿ ನಿಮ್ಮ ಹೆಸರು ಬರೆಯಿರಿ. ಒಂದು ಹಳೇ ನೋಟ್‌ಬುಕ್ಕಿನಲ್ಲಿ ಪುಸ್ತಕ, ಒಯ್ದವರು, ತಾರೀಖು ಅಂತ ಮೂರು ಕಲಂ ಹಾಕಿ. ‘ಯಾವಾಗಲಾದ್ರೂ ಕೊಡಿ’ ಅಂತ ಹೇಳಿದ ಪುಸ್ತಕ ವಾಪಸ್ ಬರುವುದಿಲ್ಲ. ‘ಯುಗಾದಿ ಕಳೆದ ಮೇಲೆ ಕೊಡಿ’ ಅನ್ನಿ, ಬರುತ್ತದೆ. ಕೇಳುವಾಗಲೂ ‘ನನ್ನ ಪುಸ್ತಕ ಎಲ್ಲಿ?’ ಅನ್ನುವ ಬದಲು ‘ಮುಗೀತಾ? ಇನ್ನೊಬ್ಬರು ಕೇಳ್ತಿದ್ದಾರೆ’ ಅಂದರೆ ಯಾರಿಗೂ ಮುಜುಗರವಿಲ್ಲ.

ಸಹಿ ಮಾಡಿದ ಪ್ರತಿ, ಅಪ್ಪ ಅಮ್ಮ ಕೊಟ್ಟ ಪುಸ್ತಕ, ಮರುಮುದ್ರಣ ಇಲ್ಲದ ಪುಸ್ತಕ, ಈ ಮೂರನ್ನು ಯಾರಿಗೂ ಕೊಡಬೇಡಿ. ಮನೆಗೇ ಕರೆದು ತೋರಿಸಿ. ಎರವಲಿನ ಜಗಳದಲ್ಲಿ ಮುರಿದ ಗೆಳೆತನಗಳು ಊರಲ್ಲಿ ಸಾಕಷ್ಟಿವೆ.

ಹಂತ 4: ಮೂರನೆಯವರು ಬಂದ ಮೇಲೆ, ಓದುವ ಸಂಜೆ

ಇಬ್ಬರಿದ್ದಾಗ ಮಾತು ಸಾಕು. ಮೂರು ನಾಲ್ಕು ಜನ ಆದಾಗ ಒಂದು ಕ್ರಮ ಬೇಕಾಗುತ್ತದೆ. ಈ ಹಂತದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಗಟ್ಟಿಯಾಗಿ ಓದಿ ಕೇಳಿಸುವುದು ನಮಗೆ ಹೊಸದೇನಲ್ಲ. ಗಮಕದಲ್ಲಿ ಒಬ್ಬರು ರಾಗವಾಗಿ ಕಾವ್ಯ ವಾಚಿಸುತ್ತಾರೆ, ಪಕ್ಕದಲ್ಲಿ ಕೂತ ಇನ್ನೊಬ್ಬರು ಅದರ ಅರ್ಥ ಬಿಡಿಸಿ ವ್ಯಾಖ್ಯಾನ ಹೇಳುತ್ತಾರೆ. ನಮ್ಮ ಹಳ್ಳಿಗಳಲ್ಲಿ ಅಕ್ಷರ ಬಾರದವರೂ ಮಹಾಭಾರತದ ಕತೆಯನ್ನು ಪ್ರಸಂಗ ಸಮೇತ ಹೇಳುತ್ತಿದ್ದುದು ಹೀಗೆ ಕೇಳಿ ಕೇಳಿಯೇ. ಅವರು ಯಾರೂ ಮನೆಯಲ್ಲಿ ಓದಿಕೊಂಡು ಬರುತ್ತಿರಲಿಲ್ಲ. ರಾಗ ಬಿಟ್ಟು ಆ ಪದ್ಧತಿಯನ್ನು ಹಾಗೇ ತೆಗೆದುಕೊಳ್ಳಿ.

ಒಂದು ಸಣ್ಣಕತೆ ಆರಿಸಿ. ಸಾಧಾರಣ ಅಳತೆಯ ಕನ್ನಡ ಪುಸ್ತಕದ ಒಂದು ಪುಟವನ್ನು ನಿಧಾನವಾಗಿ ಗಟ್ಟಿಯಾಗಿ ಓದಲು ಎರಡೂವರೆ ನಿಮಿಷ ಬೇಕು. ಹನ್ನೆರಡು ಪುಟದ ಕತೆ ಅಂದರೆ ಅರ್ಧ ಗಂಟೆ. ಅದಕ್ಕಿಂತ ಉದ್ದ ಬೇಡ. ಒಟ್ಟು ಕೂರುವುದು ಒಂದೂವರೆ ಗಂಟೆ. ಓದಿಗೆ ಅರ್ಧ ಗಂಟೆ, ಮಾತಿಗೆ ಮುಕ್ಕಾಲು ಗಂಟೆ, ಬಾಕಿ ಕಾಫಿಗೆ, ಲೇಟಾಗಿ ಬರುವವರಿಗೆ.

ಪುಸ್ತಕ ಒಂದೇ ಇರಲಿ. ಅದು ಕೈಯಿಂದ ಕೈಗೆ ಹೋಗಲಿ. ಯಾರು ಎಷ್ಟು ಓದಬೇಕು ಅನ್ನುವ ನಿಯಮ ಇಲ್ಲ, ಸಾಕು ಅನ್ನಿಸಿದಾಗ ಪಕ್ಕದವರಿಗೆ ಕೊಡುವುದು. ಓದಲು ಇಷ್ಟವಿಲ್ಲದವರು ಹಾಗೇ ಮುಂದಕ್ಕೆ ದಾಟಿಸಬಹುದು, ಯಾರೂ ಯಾಕೆ ಅಂತ ಕೇಳಬಾರದು. ಕಣ್ಣು ಮಂಜಾದವರು, ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಒತ್ತಕ್ಷರಕ್ಕೆ ತಡವರಿಸುವವರು, ಕನ್ನಡ ಕಲಿಯುತ್ತಿರುವ ಹೊರಗಿನವರು, ಎಲ್ಲರಿಗೂ ಇದರಿಂದ ಜಾಗ ಸಿಗುತ್ತದೆ.

ಹೀಗೆ ಓದುವಾಗ ಏನಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. ಕತೆಯ ಮಾತುಕತೆ ಧಾರವಾಡದ ಕಡೆಯದ್ದು. ಓದುತ್ತಿರುವವರು ಬ್ಯಾಂಕಿನಿಂದ ನಿವೃತ್ತರಾದ ಮದ್ದೂರಿನವರು. ‘ಯಾಕ್ರೀ, ಹಿಂಗ್ಯಾಕ ಕುಂತೀರಿ’ ಅನ್ನುವ ಸಾಲನ್ನು ಅವರು ಮಂಡ್ಯದ ಎಳೆತದಲ್ಲಿ ಓದುತ್ತಾರೆ. ಎಲ್ಲರೂ ನಗುತ್ತಾರೆ, ಅವರೂ ನಗುತ್ತಾರೆ. ಮೂಲೆಯಲ್ಲಿ ಮಾತೇ ಆಡದೆ ಕೂತಿದ್ದ ಹುಬ್ಬಳ್ಳಿಯ ಹುಡುಗಿ ‘ಸರ್, ನಾ ಓದ್ಲಾ?’ ಅಂತ ಕೈ ಚಾಚುತ್ತಾಳೆ. ಅವಳ ಬಾಯಲ್ಲಿ ಆ ಕತೆ ಬೇರೆಯೇ ಕತೆಯಾಗುತ್ತದೆ. ಮುಗಿದ ಮೇಲೆ ಕತೆಯ ತಂತ್ರದ ಬಗ್ಗೆ ಯಾರೂ ಮಾತಾಡುವುದಿಲ್ಲ. ನಿಮ್ಮ ಕಡೆ ಜೋಳದ ರೊಟ್ಟಿ ಹೇಗೆ ತಟ್ಟುತ್ತಾರೆ, ಪಿಜಿಯಲ್ಲಿ ಊಟ ಹೇಗಿದೆ ಅನ್ನುವಲ್ಲಿಗೆ ಮಾತು ಹೋಗುತ್ತದೆ. ಹೋಗಲಿ ಬಿಡಿ. ‘ವಿಷಯಕ್ಕೆ ಬನ್ನಿ’ ಅಂತ ಎಳೆದು ತರುವುದು ನಿಮ್ಮ ಕೆಲಸವಲ್ಲ. ಗೆಳೆತನ ಬೇಕು ಅಂತ ತಾನೇ ಕೂತಿದ್ದು?

ಮಾತು ತಾನಾಗಿ ಹೊರಡದಿದ್ದರೆ ಈ ಮೂರರಲ್ಲಿ ಒಂದು ಪ್ರಶ್ನೆ ಎಸೆಯಿರಿ. ಈ ಕತೆಯಲ್ಲಿ ಯಾರ ಮೇಲೆ ಸಿಟ್ಟು ಬಂತು? ಇಂಥವರನ್ನು ಎಲ್ಲಾದರೂ ನೋಡಿದ್ದೀರಾ? ಎಲ್ಲಿ ಬೇಜಾರಾಯಿತು? ‘ಲೇಖಕರ ಸಂದೇಶವೇನು?’ ಅನ್ನುವ ಪ್ರಶ್ನೆಯನ್ನು ಶಾಲೆಯಲ್ಲೇ ಬಿಟ್ಟುಬನ್ನಿ.

ಹಂತ 5: ಜಾಗ, ಹೊತ್ತು

ಮೊದಲ ಕೆಲವು ಸಲ ಯಾರ ಮನೆಯೂ ಬೇಡ. ಮನೆಯಾದರೆ ಆತಿಥ್ಯದ ಪೈಪೋಟಿ ಶುರುವಾಗುತ್ತದೆ. ಒಬ್ಬರು ಚೌಚೌ ಬಾತ್ ಮಾಡಿದರೆ ಮುಂದಿನವರು ಹೋಳಿಗೆ ಮಾಡಬೇಕು, ಅದು ಆ ಮನೆಯ ಹೆಂಗಸರ ತಲೆಗೇ ಬರುತ್ತದೆ. ಚೆಲುವಾಂಬ ಪಾರ್ಕ್‌ನಂಥ ಬಡಾವಣೆಯ ಪಾರ್ಕ್ ಸಾಕು. ಮಳೆಗಾಲದಲ್ಲಿ ಶಾಖಾ ಗ್ರಂಥಾಲಯದವರನ್ನೋ, ಪಕ್ಕದ ಶಾಲೆಯವರನ್ನೋ ಒಂದು ಕೋಣೆ ಕೇಳಿ.

ವಾರ ಮತ್ತು ಹೊತ್ತು ಬದಲಾಯಿಸಬೇಡಿ. ‘ಎರಡನೇ ಭಾನುವಾರ ಸಂಜೆ ನಾಲ್ಕೂವರೆ’ ಅಂದರೆ ಅಷ್ಟೇ. ಎಲ್ಲರಿಗೂ ಅನುಕೂಲವಾದ ದಿನ ಯಾವುದು ಅಂತ ಗ್ರೂಪಿನಲ್ಲಿ ಕೇಳಲು ಹೋದರೆ ಆ ದಿನ ಹುಟ್ಟುವುದೇ ಇಲ್ಲ. ಇಬ್ಬರೇ ಬಂದರೂ ಓದಿ. ಕತ್ತಲಾಗುವ ಮುಂಚೆ ಮುಗಿಸಿ, ಹೆಣ್ಣುಮಕ್ಕಳಿಗೂ ವಯಸ್ಸಾದವರಿಗೂ ಅದು ಅನುಕೂಲ. ಮದುವೆ ಸೀಸನ್, ಪರೀಕ್ಷೆ ತಿಂಗಳು, ದಸರಾ ವಾರ, ಈ ಹೊತ್ತಿನಲ್ಲಿ ಜನ ಕಮ್ಮಿಯಾಗುತ್ತಾರೆ. ತಲೆ ಕೆಡಿಸಿಕೊಳ್ಳಬೇಡಿ.

ಎಂಟು ಹತ್ತು ಜನಕ್ಕಿಂತ ಹೆಚ್ಚಾದರೆ ಎರಡು ಗುಂಪು ಮಾಡಿ. ಇಪ್ಪತ್ತು ಜನ ಸೇರಿದರೆ ಅಲ್ಲಿ ಮೈಕ್ ಬರುತ್ತದೆ, ಮೈಕ್ ಬಂದರೆ ಅಧ್ಯಕ್ಷರು ಬರುತ್ತಾರೆ, ಆಮೇಲೆ ಹಾರ, ಶಾಲು, ಫಲತಾಂಬೂಲ.

ಹಂತ 6: ವಾಟ್ಸಾಪ್ ಗ್ರೂಪ್

ಬೇಕು, ಆದರೆ ಮಿತವಾಗಿ. ಜಾಗ, ಹೊತ್ತು, ಯಾವ ಪುಸ್ತಕ ಯಾರ ಹತ್ತಿರ ಇದೆ, ಇಷ್ಟಕ್ಕೇ ಇರಲಿ. ಶುಭೋದಯದ ಹೂವಿನ ಚಿತ್ರ, ಪಕ್ಷದ ವಿಡಿಯೋ ಬೇಡ ಅಂತ ಮೊದಲ ದಿನವೇ ಹೇಳಿ. ಆಮೇಲೆ ಹೇಳಿದರೆ ಯಾರೋ ಒಬ್ಬರಿಗೆ ಹೇಳಿದ ಹಾಗಾಗುತ್ತದೆ.

ಹೊಸ ಪುಸ್ತಕಗಳ ಪಿಡಿಎಫ್ ಹಂಚಬೇಡಿ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಆಗುವವರೆಗೆ ಹಕ್ಕುಸ್ವಾಮ್ಯ ಇರುತ್ತದೆ. ಕನ್ನಡದ ಎಷ್ಟೋ ಪುಸ್ತಕಗಳ ಒಂದು ಮುದ್ರಣ ಖರ್ಚಾಗುವುದೇ ಕಷ್ಟ. ಓದುಗರೇ ಕಳ್ಳ ಪ್ರತಿ ಹಂಚಿದರೆ ಹೇಗೆ ಅಲ್ವಾ? ನಾಲ್ಕು ಜನ ದುಡ್ಡು ಹಾಕಿ ಒಂದು ಪ್ರತಿ ಕೊಂಡು ಸುತ್ತಿಸಿ.

ಹಂತ 7: ತಲೆನೋವುಗಳು

ಒಂದನೆಯದು, ಕವಿಗಳು. ಯಾವ ಗುಂಪಿನಲ್ಲೂ ಒಬ್ಬರಾದರೂ ಜೇಬಿನಲ್ಲಿ ಕವನ ಇಟ್ಟುಕೊಂಡೇ ಬಂದಿರುತ್ತಾರೆ. ಬೇಡ ಅನ್ನಬೇಡಿ, ಮನಸ್ಸಿಗೆ ನೋವಾಗುತ್ತದೆ. ‘ಸ್ವಂತ ಬರಹಕ್ಕೆ ಕೊನೆಯ ಹತ್ತು ನಿಮಿಷ, ಒಂದು ಸಲಕ್ಕೆ ಒಬ್ಬರು’ ಅಂತ ನಿಯಮ ಮಾಡಿ. ಅವರ ಸ್ವಂತ ಸಂಕಲನದ ಮಾರಾಟಕ್ಕೂ ಅದೇ ಹತ್ತು ನಿಮಿಷದಲ್ಲೇ ಜಾಗ.

ಎರಡನೆಯದು, ಪಾಠ ಮಾಡುವವರು. ಒಳ್ಳೆಯವರು, ತುಂಬ ಓದಿದವರು, ಆದರೆ ಬಿಟ್ಟರೆ ಇಡೀ ಸಂಜೆ ಅವರದ್ದೇ. ಇವರಿಗೆ ಕೆಲಸ ಕೊಡಿ. ‘ಮೇಷ್ಟ್ರೇ, ಮುಂದಿನ ಸಲದ ಕತೆ ನೀವು ಆರಿಸಿ’ ಅಥವಾ ‘ಈ ಪದದ ಅರ್ಥ ಹೇಳಿ’ ಅಂದರೆ ಅವರ ಓದು ಎಲ್ಲರಿಗೂ ಉಪಯೋಗಕ್ಕೆ ಬರುತ್ತದೆ.

ಮೂರನೆಯದು ಜಾತಿ, ಪಂಥದ ಜಗಳ. ಕನ್ನಡದಲ್ಲಿ ಯಾವ ಲೇಖಕರ ಹೆಸರು ಎತ್ತಿದರೂ ‘ಅವರು ಆ ಕಡೆಯವರು, ಇವರು ಈ ಕಡೆಯವರು’ ಅನ್ನುವ ಮಾತು ಬಂದೇ ಬರುತ್ತದೆ. ಅದನ್ನು ಮುಚ್ಚಿಹಾಕಲು ಆಗುವುದಿಲ್ಲ. ಎದುರಿಗಿರುವ ಪುಟಕ್ಕೆ ಮಾತು ಕಟ್ಟಿಹಾಕಿ. ‘ಈ ಕತೆಯಲ್ಲಿ ಅದು ಎಲ್ಲಿದೆ, ಓದಿ ತೋರಿಸಿ’ ಅಂದರೆ ಜಗಳ ಅರ್ಧ ಇಳಿಯುತ್ತದೆ. ಕೂತಲ್ಲೇ ಓದುವ ಪದ್ಧತಿಯ ದೊಡ್ಡ ಲಾಭ ಇದು, ಪುಸ್ತಕ ಎಲ್ಲರ ಎದುರಿಗೇ ಇರುತ್ತದೆ.

ಹೊಸಬರ ಊರು ಕೇಳಿದ ತಕ್ಷಣ ‘ಯಾವ ಜನ?’ ಅಂತ ಕೇಳುವವರಿದ್ದರೆ ಪಕ್ಕಕ್ಕೆ ಕರೆದು ಹೇಳಿ. ಆ ಒಂದು ಪ್ರಶ್ನೆಯಿಂದಲೇ ಬರುವುದು ಬಿಟ್ಟವರು ಇರುತ್ತಾರೆ.

ಹಂತ 8: ಒಟ್ಟಿಗೆ ಎಲ್ಲಾದರೂ ಹೋಗಿ

ನಾಲ್ಕಾರು ಸಲ ಕೂತ ಮೇಲೆ ಒಂದು ದಿನದ ಪ್ರಯಾಣ ಇಟ್ಟುಕೊಳ್ಳಿ. ನಮ್ಮ ಸುತ್ತಮುತ್ತ ಓದುಗರಿಗೆ ಜಾಗಗಳು ಬೇಕಾದಷ್ಟಿವೆ. ಮೇಲುಕೋಟೆಯಲ್ಲಿ ಪು.ತಿ.ನ. ಅವರ ಮನೆಯಿದೆ. ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿ ಕೆ.ಎಸ್. ನರಸಿಂಹಸ್ವಾಮಿಯವರ ಊರು. ಮೈಸೂರು ಬಿಟ್ಟು ಹೋಗಲು ಆಗದವರಿಗೆ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆ ಮ್ಯೂಸಿಯಂ ಆಗಿದೆ.

ಒಂದೇ ಕಡೆ ಹೋಗಲು ಸಾಧ್ಯ ಅನ್ನುವುದಾದರೆ ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಗೆ ಹೋಗಿ. ಅಲ್ಲಿ ಅಂಕೇಗೌಡರ ‘ಪುಸ್ತಕ ಮನೆ’ ಇದೆ. ಬಸ್ ಕಂಡಕ್ಟರ್ ಆಗಿದ್ದು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದು, ಸಂಪಾದನೆಯ ಬಹುಪಾಲನ್ನು ಪುಸ್ತಕಕ್ಕೇ ಸುರಿದವರು ಅವರು. ಲಕ್ಷಗಟ್ಟಲೆ ಪುಸ್ತಕ ಇದೆ. 2026ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಕಪಾಟಿನಲ್ಲಿ ಹಿಡಿಸದೆ ನೆಲದ ಮೇಲೂ ರಾಶಿ ಇವೆ. ಇಂಥದ್ದೇ ಪುಸ್ತಕ ಬೇಕು ಅಂತ ಹೋಗಬೇಡಿ, ಏನು ಸಿಗುತ್ತದೋ ನೋಡೋಣ ಅಂತ ಹೋಗಿ. ಒಬ್ಬೊಬ್ಬರು ಒಂದೊಂದು ಸಾಲಿನಲ್ಲಿ ಕಳೆದುಹೋಗಿ, ಒಂದು ಗಂಟೆ ಬಿಟ್ಟು ಸಿಕ್ಕಿದ್ದನ್ನು ಒಬ್ಬರಿಗೊಬ್ಬರು ತೋರಿಸಿ. ಯಾರ ರುಚಿ ಏನು ಅನ್ನುವುದು ಆರು ತಿಂಗಳ ಮಾತಿಗಿಂತ ಅಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಮೈಸೂರು ಕಡೆಯವರು, ಮಂಡ್ಯ ಕಡೆಯವರು ಇಬ್ಬರೂ ರೈಲಿನಲ್ಲಿ ಬಂದು ಪಾಂಡವಪುರ ಸ್ಟೇಷನ್ನಿನಲ್ಲಿ ಇಳಿಯಬಹುದು, ಅಲ್ಲಿಂದ ಆಟೋ ಮಾಡಿಕೊಳ್ಳಿ. ಪ್ಯಾಸೆಂಜರ್ ಗಾಡಿ ಆಗಬೇಕು, ಎಕ್ಸ್‌ಪ್ರೆಸ್‌ಗಳೆಲ್ಲ ಅಲ್ಲಿ ನಿಲ್ಲುವುದಿಲ್ಲ. ಹೋಗುವ ಮುಂಚೆ ತೆರೆದಿರುತ್ತದೆಯೇ ಅಂತ ವಿಚಾರಿಸಿ. ಹಳೇ ಪುಸ್ತಕದ ಧೂಳಿಗೆ ಸೀನು ಬರುವವರು ಮಾಸ್ಕ್ ಇಟ್ಟುಕೊಳ್ಳಿ. ಊಟಕ್ಕೆ ಬುತ್ತಿ ಕಟ್ಟಿಕೊಳ್ಳಿ. ನಿಮ್ಮ ಮನೆಯಲ್ಲಿ ಎರಡೆರಡು ಪ್ರತಿ ಇರುವ ಪುಸ್ತಕಗಳಿದ್ದರೆ ಚೀಲದಲ್ಲಿ ಹಾಕಿಕೊಂಡು ಹೋಗಿ, ಪುಸ್ತಕ ಮನೆಗೇ ಕೊಟ್ಟು ಬನ್ನಿ.